ಕೃತಕ ಹಸ್ತದ ಪರೀಕ್ಷೆ

ಅಂಗಿಯ ಗುಂಡಿಯನ್ನು ಬಿಚ್ಚುವವನು ತನ್ನ ಬೆರಳುಗಳ ಕಡೆ ಗಮನ ಕೊಡುವುದಿಲ್ಲ. ಬೆರಳುಗಳು ತಾವೇ ಗುಂಡಿಯನ್ನು ಹುಡುಕಿ ಹಿಡಿಯುತ್ತವೆ. ಅಪಘಾತದಲ್ಲಿಯೋ ರೋಗದಿಂದಲೋ ಕೈಯನ್ನು ಕಳೆದುಕೊಂಡು ಕೃತಕ ಹಸ್ತವನ್ನು ಧರಿಸಿದವನಿಗಾದರೋ ಇದೇ ಗುಂಡಿ ಪರೀಕ್ಷೆಯ ಒಂದು ಪ್ರಶ್ನೆಯಾಗುತ್ತದೆ. ಎದುರಿಗೆ ಗಡಿಯಾರವೂ ಇರುತ್ತದೆ.

ಇಂಗ್ಲೆಂಡಿನ ಸೌತಾಂಪ್ಟನ್ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡು 2002ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ ಇಂಥ 26 ಕೆಲಸಗಳಿವೆ. ಚೆಂಡನ್ನು ಹಿಡಿಯುವ ಬಗೆ ಬೇರೆ, ಬೀಗದ ಕೈಯನ್ನು ಹಿಡಿಯುವ ಬಗೆ ಬೇರೆ. ಹೀಗೆ ಆರು ಬಗೆಯ ಹಿಡಿತಗಳನ್ನು ಪರೀಕ್ಷಿಸಲು ಹಗುರವಾದ ಹಾಗೂ ಭಾರವಾದ 12 ವಸ್ತುಗಳನ್ನು ಎತ್ತಿಡಬೇಕು. ಉಳಿದ 14 ಕೆಲಸಗಳು ನಿತ್ಯಜೀವನದವು: ನಾಣ್ಯ ಹೆಕ್ಕುವುದು, ಪುಟ ತಿರುವುವುದು, ಡಬ್ಬಿಯ ಮುಚ್ಚಳ ತೆಗೆಯುವುದು, ಹೂಜಿಯಿಂದ ನೀರು ಬಗ್ಗಿಸುವುದು ಇತ್ಯಾದಿ. ಗಡಿಯಾರವನ್ನು ಪರೀಕ್ಷಕನು ಮುಟ್ಟುವುದಿಲ್ಲ. ಪರೀಕ್ಷೆಗೆ ಕುಳಿತವನೇ ಅದರ ಗುಂಡಿಯನ್ನೊತ್ತಿ, ಕೆಲಸ ಮುಗಿಸಿ, ಮತ್ತೆ ಒತ್ತಬೇಕು. ಪರೀಕ್ಷಕನ ಕೈಯ ಚುರುಕುತನ ಪರೀಕ್ಷಿತನ ಅಂಕಗಳಲ್ಲಿ ಸೇರಬಾರದಲ್ಲವೆ! ಸಹಜವಾದ ಕೈಗೆ ಸುಮಾರು 100 ಅಂಕ ಬರುತ್ತದೆ.

ಮುಂಗೈಯಲ್ಲಿ ಉಳಿದ ಸ್ನಾಯುಗಳು ಬಿಗಿದಾಗ ಹುಟ್ಟುವ ಅತಿ ಸೂಕ್ಷ್ಮ ವಿದ್ಯುತ್ತನ್ನು ಚರ್ಮದ ಮೇಲಿಂದಲೇ ಗ್ರಹಿಸಿ, ಮೋಟಾರಿನ ಸಹಾಯದಿಂದ ಬೆರಳು ಮಡಿಸುವ ಕೃತಕ ಹಸ್ತಗಳುಂಟು. ಅವುಗಳಿಗೆ ಬಲವಿದೆ; ಬಹುಪಾಲಿಗೆ ಸ್ಪರ್ಶಜ್ಞಾನವಿಲ್ಲ. ಲೋಟ ಜಾರುತ್ತಿದೆಯೆಂಬ ಸುದ್ದಿ ಬೆರಳಿನಿಂದ ಬಾರದು, ಕಣ್ಣೇ ಕಂಡು ತಿಳಿಯಬೇಕು. ಆದ್ದರಿಂದ ಧರಿಸಿದವನ ದೃಷ್ಟಿ ಹಸ್ತವನ್ನು ಬಿಟ್ಟು ಕದಲುವುದಿಲ್ಲ. ಭಾರವಾದ ಡಬ್ಬಿಯನ್ನು ನಿರಾಯಾಸವಾಗಿ ಎತ್ತಿದವನು ಮೇಜಿಗೆ ಅಂಟಿದಂತಿರುವ ಚಪ್ಪಟೆ ನಾಣ್ಯದ ಮುಂದೆ ಸೋತು ಬೆವರುವುದುಂಟು.

ಇಷ್ಟೆಲ್ಲ ಅಳೆದರೂ ಗಡಿಯಾರಕ್ಕೆ ನಿಲುಕದ ಸಂಗತಿಗಳಿವೆ. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಪಡೆದವನು ಮನೆಗೆ ಹೋಗಿ, ಭಾರವೆಂದೋ ಸೆಕೆಯೆಂದೋ ಹಸ್ತವನ್ನು ಕಳಚಿಟ್ಟು, ಇನ್ನೊಂದು ಕೈಯಲ್ಲಿಯೇ ದಿನ ಕಳೆಯಬಹುದು. ನುರಿತ ಚಿಕಿತ್ಸಕರು ಅದನ್ನು ಬಲ್ಲರು. ದಿನಕ್ಕೆ ಎಷ್ಟು ಹೊತ್ತು ಧರಿಸುತ್ತೀರಿ, ಯಾವ ಕೆಲಸಕ್ಕೆ ಬಳಸುತ್ತೀರಿ ಎಂದು ಅವರು ಕೇಳಿ ತಿಳಿದುಕೊಳ್ಳುತ್ತಾರೆ. ಪ್ರಶ್ನೆಗಳೂ ನಾಡಿಗೆ ತಕ್ಕಂತಿರಬೇಕು. ಸೌತಾಂಪ್ಟನ್ನಿನ ಪಟ್ಟಿಯಲ್ಲಿ ಚಾಕುವಿನಿಂದ ಆಹಾರವನ್ನು ಕತ್ತರಿಸುವ ಕೆಲಸವಿದೆ. ಅನ್ನಕ್ಕೆ ಸಾರು ಕಲಸಿ ತುತ್ತು ಮಾಡುವ ಕೆಲಸವಿಲ್ಲ. ಅಲ್ಲಿಯವರ ಊಟಕ್ಕೆ ಅದು ಸರಿಯೇ. ಮಂಡ್ಯದ ಕಡೆಯ ರೈತನೊಬ್ಬ ಕೃತಕ ಹಸ್ತ ಧರಿಸಿ ಬಂದರೆ, ಅದರಲ್ಲಿ ಕುಡುಗೋಲು ನಿಲ್ಲುತ್ತದೆಯೆ, ಮುದ್ದೆ ಮುರಿಯಲು ಬರುತ್ತದೆಯೆ ಎಂದು ಕೇಳಬೇಕಾಗುತ್ತದೆ.