ನೋಟಿನಲ್ಲಿಲ್ಲದ ಭಾಷೆ

ಯುಪಿಐ ಕಾಲದಲ್ಲೂ ಪರ್ಸಲ್ಲಿ ಒಂದು ನೋಟು ಇದ್ದರೆ ತೆಗೆದು ಹಿಂದೆ ತಿರುಗಿಸಿ. ಬದಿಯಲ್ಲಿ 15 ಭಾಷೆಗಳಲ್ಲಿ ಅದರ ಬೆಲೆ ಬರೆದಿರುತ್ತೆ. ಮೇಲಿಂದ ನಾಲ್ಕನೆಯದು ನಮ್ಮ ಕನ್ನಡ. ಎಷ್ಟು ಹುಡುಕಿದರೂ ಸಿಂಧಿ ಸಿಗಲ್ಲ. ತಮಾಷೆ ಅಂದ್ರೆ, ರಾಷ್ಟ್ರಗೀತೆಯಲ್ಲಿ ಕರ್ನಾಟಕದ ಹೆಸರಿಲ್ಲ, ಸಿಂಧ್ ಹೆಸರಿದೆ. ಆ ಪ್ರಾಂತ್ಯವೇ ಈಗ ಭಾರತದಲ್ಲಿಲ್ಲ, ಆ ಪದ ತೆಗೆಯಿರಿ ಅಂತ ಒಬ್ಬರು ಸುಪ್ರೀಂ ಕೋರ್ಟಿಗೆ ಹೋಗಿದ್ದರು. 2005ರಲ್ಲಿ ಕೋರ್ಟ್ ಅದನ್ನು ಒಪ್ಪಲಿಲ್ಲ.

1947ರಲ್ಲಿ ಪಂಜಾಬ್, ಬಂಗಾಳ ಎರಡೆರಡು ಹೋಳಾದವು. ಸಿಂಧ್ ಮಾತ್ರ ಇಡಿಯಾಗಿ ಪಾಕಿಸ್ತಾನಕ್ಕೆ ಹೋಯ್ತು. ಪಂಜಾಬಿಗಳಿಗೆ ಈ ಕಡೆ ಪಂಜಾಬಿ ಮಾತಾಡೋ ಇನ್ನೊಂದು ಅರ್ಧ ಇತ್ತು. ಸಿಂಧ್‌ನಿಂದ ಬಂದ ಹತ್ತು ಲಕ್ಷಕ್ಕೂ ಹೆಚ್ಚು ಹಿಂದೂಗಳಿಗೆ ಅಂಥದ್ದೊಂದು ಇರಲಿಲ್ಲ. ಎಷ್ಟೋ ಕುಟುಂಬಗಳು ಕಲ್ಯಾಣದ ಹತ್ತಿರ, ಎರಡನೇ ಮಹಾಯುದ್ಧದ ಸೈನಿಕರಿಗೆ ಕಟ್ಟಿದ್ದ ಬ್ಯಾರಕ್‌ಗಳಲ್ಲಿ ಉಳಿದವು. 1949ರಲ್ಲಿ ಆ ಜಾಗಕ್ಕೆ ಉಲ್ಹಾಸನಗರ ಅಂತ ಹೆಸರಾಯ್ತು. ಇವತ್ತಿಗೂ ಅಲ್ಲಿ ಏರಿಯಾಗಳ ಹೆಸರು ಕ್ಯಾಂಪ್ ಒಂದು, ಕ್ಯಾಂಪ್ ಎರಡು.

ನನ್ನ ಟೀಮಿನ ಗೆಳೆಯ ಅಲ್ಲಿಯವನು. ಅವನ ಡಬ್ಬಿಯ ಸಿಂಧಿ ಕಢಿಗೆ ನಾನು ಕಾಯಂ ಪಾಲುದಾರ. ಹೆಸರು ಕಢಿ, ಆದ್ರೆ ಮೊಸರಿಲ್ಲ. ಕಡಲೆಹಿಟ್ಟು ಹುರಿದು, ಹುಣಸೆಹುಳಿ ಬಿಟ್ಟು, ನುಗ್ಗೆಕಾಯಿ, ಬೆಂಡೆಕಾಯಿ ಹಾಕಿ ಕುದಿಸಿದ್ದು. ನಮ್ಮ ಹುಳಿಗೆ ದೂರದ ನೆಂಟ. ಅದನ್ನು ಮಾಡೋದು ಅವನಿಗೆ ಅಜ್ಜಿಯಿಂದ ಬಂದದ್ದು. ಅಜ್ಜಿ ಈಗಿಲ್ಲ, ಅವರು ಬರೆದಿಟ್ಟ ಒಂದು ನೋಟ್‌ಬುಕ್ ಇದೆ. ಮನೆಯಲ್ಲಿ ಒಬ್ಬರಿಗೂ ಅದನ್ನು ಓದೋಕೆ ಬರಲ್ಲ.

ಯಾಕಂದ್ರೆ ಅದು ಅರೇಬಿಕ್ ಮೂಲದ, 52 ಅಕ್ಷರಗಳ ಸಿಂಧಿ ಲಿಪಿ. ಇಲ್ಲಿಗೆ ಬಂದ ಮೇಲೆ ಅದೇ ಲಿಪಿ ಇರಲಿ ಅಂತ ಕೆಲವರು, ದೇವನಾಗರಿಯಲ್ಲಿ ಬರೆಯೋಣ ಅಂತ ಕೆಲವರು. 1967ರ ಏಪ್ರಿಲ್ 10ರಂದು ಸಿಂಧಿ ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿತು. ಲಿಪಿಯ ಜಗಳ ಮುಗಿಯಲಿಲ್ಲ. ಎರಡೂ ಉಳಿದವು. ಮಕ್ಕಳು ಇಂಗ್ಲಿಷ್ ಮೀಡಿಯಂ ಸೇರಿದರು.

ಸಿಂಧಿಯಲ್ಲಿ ಗ, ಜ, ಡ, ಬ ಅಕ್ಷರಗಳಿಗೆ ಇನ್ನೊಂದೊಂದು ಜೋಡಿ ಇದೆ. ಉಸಿರನ್ನು ಒಳಕ್ಕೆಳೆದುಕೊಂಡು ಹೇಳಬೇಕು. ದೇವನಾಗರಿಯಲ್ಲಿ ಅವುಗಳ ಅಡಿಗೆ ಒಂದು ಗೆರೆ ಹಾಕ್ತಾರೆ. ಈ ನಾಲ್ಕೂ ಅಕ್ಷರಗಳಿಗೆ 2006ರಲ್ಲಿ ಯೂನಿಕೋಡ್‌ನಲ್ಲಿ ಪ್ರತ್ಯೇಕ ಕೋಡ್ ಸಿಕ್ತು. ನಮ್ಮ ವೃತ್ತಿಯವರು ಮಾಡಬಹುದಾದ್ದು ಅಷ್ಟೇ: ಅಕ್ಷರಕ್ಕೆ ಕಂಪ್ಯೂಟರಿನಲ್ಲಿ ಜಾಗ ಕೊಡಬಹುದು, ನಾಲಿಗೆಯ ಮೇಲೆ ಕೊಡೋಕಾಗಲ್ಲ. ಗೆಳೆಯನಿಗೆ ಆ ನಾಲ್ಕೂ ಉಚ್ಚಾರ ಸಲೀಸು. ಅವನ ಮಗನಿಗೆ ಒಂದೂ ಬರಲ್ಲ.

"ನಿನ್ನ ಮಗಳು ನಿನ್ನಮ್ಮ ಬರೆದಿದ್ದನ್ನ ಓದ್ತಾಳಾ?" ಅಂತ ಒಂದಿನ ಅವನೇ ಕೇಳಿದ. ನಾನು ಓದಿದ್ದು ಊರಿನ ಕನ್ನಡ ಶಾಲೆಯಲ್ಲಿ. ಇಂಜಿನಿಯರಿಂಗ್ ಹಾಸ್ಟೆಲ್ಲಿಗೆ ಅಮ್ಮ ಬರೀತಿದ್ದ ಕಾಗದಗಳನ್ನು ಇನ್ನೂ ಇಟ್ಟಿದ್ದೀನಿ. ಮಗಳಿಗೆ ಎಂಟು ವರ್ಷ. ಬಸ್ಸಿನ ಬೋರ್ಡು ನಿಧಾನಕ್ಕೆ ಓದ್ತಾಳೆ. ಅಮ್ಮನ ಕೂಡಿಸಿ ಬರೆದ ಅಕ್ಷರ ಅವಳಿಗೆ ಅರ್ಥವಾಗಲ್ಲ. ನಮಗೆ 1956ರಿಂದ ಒಂದು ರಾಜ್ಯ ಇದೆ, ಶಾಲೆ ಇದೆ, ಸರ್ಕಾರ ಇದೆ. ಇಷ್ಟೆಲ್ಲ ಇದ್ದೂ ಒಂದು ಕಾಗದ ಓದೋಕೆ ಮನೆಯಲ್ಲಿ ಯಾರಾದರೂ ಮಗುವಿನ ಪಕ್ಕ ಕೂರಲೇಬೇಕು. ಸಿಂಧಿಗಳಿಗೆ ಅದು 1947ರಲ್ಲೇ ಗೊತ್ತಾಯ್ತು, ನಮಗೆ ಗೊತ್ತಾಗೋಕೆ ಇನ್ನೂ ಬಿಡುವಿದೆ ಅಂದ್ಕೊಂಡಿದ್ದೀವಿ.

ಗೆಳೆಯ ಈಗ ಭಾನುವಾರ ಬೆಳಗ್ಗೆ ಎಂಬತ್ತು ದಾಟಿದ ಹಿರಿಯರೊಬ್ಬರ ಹತ್ತಿರ ಹಳೇ ಲಿಪಿ ಕಲಿಯೋಕೆ ಹೋಗ್ತಾನೆ. ಮೊನ್ನೆ ನೋಟ್‌ಬುಕ್ಕಿನ ಮೊದಲ ಪುಟ ಮುಗಿಸಿದ. ಅಡುಗೆಯದ್ದಲ್ಲವಂತೆ, ಕ್ಯಾಂಪಿನ ದಿನಗಳ ಹಾಲಿನ ಲೆಕ್ಕವಂತೆ. ಕ್ಯಾಂಟೀನಿನಲ್ಲಿ ಕೂತು ಅದನ್ನೇ ನನಗೆ ಎರಡು ಸಲ ಓದಿ ಹೇಳಿದ.