ಗಂಡಸುತನದ ಅಳತೆಗೋಲು

‘ಗಂಡು ಹುಡುಗನಾಗಿ ಅಳುವುದೇ?’ ಎಂಬ ಗದರಿಕೆಯನ್ನು ಕೇಳದೆ ಬೆಳೆದ ಹುಡುಗರು ವಿರಳ. ಹಿರಿಯರು ಹಗುರವಾಗಿ ಆಡಿಬಿಡುವ ಈ ಮಾತಿಗೂ ನಾಡನ್ನಾಳುವವನ ದರ್ಪಕ್ಕೂ ನಂಟುಂಟೆಂದರೆ ಯಾರೂ ಥಟ್ಟನೆ ನಂಬಲಾರರು. ಆ ನಂಟನ್ನು ಎಳೆಎಳೆಯಾಗಿ ಬಿಡಿಸಿ ತೋರಿಸಿದ ಕೃತಿ, ಅಮೆರಿಕದ ಲ್ಯಾಟಿನೊ ಲೇಖಕ ಜೂನೊ ಡಿಯಾಸ್ 2007ರಲ್ಲಿ ಪ್ರಕಟಿಸಿದ ‘ದಿ ಬ್ರೀಫ್ ವಂಡ್ರಸ್ ಲೈಫ್ ಆಫ್ ಆಸ್ಕರ್ ವಾವೊ’. ಮರುವರ್ಷವೇ ಅದಕ್ಕೆ ಪುಲಿಟ್ಜರ್ ಪ್ರಶಸ್ತಿ ಸಂದಿತು.

ಲೇಖಕನ ಹುಟ್ಟುನಾಡಾದ ಡೊಮಿನಿಕನ್ ಗಣರಾಜ್ಯದಲ್ಲಿ 1930ರಿಂದ 1961ರಲ್ಲಿ ಕೊಲೆಯಾಗುವವರೆಗೂ ಅಧಿಕಾರ ನಡೆಸಿದವನು ಟ್ರುಹಿಯೊ. ರಾಜಧಾನಿಗೇ 1936ರಲ್ಲಿ ತನ್ನ ಹೆಸರಿಡಿಸಿಕೊಂಡ ಈ ಸರ್ವಾಧಿಕಾರಿಗೆ ಪ್ರಜೆಗಳ ಹೆಣ್ಣುಮಕ್ಕಳೂ ಸ್ವಂತ ಸೊತ್ತಿನಂತೆಯೇ ಕಾಣುತ್ತಿದ್ದರು. ಕಾದಂಬರಿಯ ವೈದ್ಯ ಅಬೆಲಾರ್ಡ್ ತನ್ನ ಚೆಲುವೆಯಾದ ಹಿರಿಯ ಮಗಳನ್ನು ಅವನ ಕಣ್ಣಿಗೆ ಬೀಳದಂತೆ ಕಾಯುತ್ತಾನೆ. ಕೊನೆಗೆ ಸೆರೆಮನೆ ಸೇರುತ್ತಾನೆ, ಸಂಸಾರ ಚೂರಾಗುತ್ತದೆ. ಬದುಕುಳಿದ ಕಿರಿಯ ಮಗಳು ಬೆಲಿಸಿಯಾ, ಪ್ರಾಯಕ್ಕೆ ಬಂದಮೇಲೆ ಕಬ್ಬಿನ ಗದ್ದೆಯೊಂದರಲ್ಲಿ ಸಾಯುವಷ್ಟು ಹೊಡೆತ ತಿಂದು, ಅಮೆರಿಕದ ದಾರಿ ಹಿಡಿಯುತ್ತಾಳೆ.

ಆಕೆಯ ಮಗನೇ ಆಸ್ಕರ್. ಸ್ಥೂಲಕಾಯ, ಪುಸ್ತಕದ ಹುಳು, ಹೆಣ್ಣಿನ ಎದುರು ತಡವರಿಸುವವನು. ಅವನ ಜನರ ದೃಷ್ಟಿಯಲ್ಲಿ ಗಂಡಿಗೆ ಇದಕ್ಕಿಂತ ಹೆಚ್ಚಿನ ಅಪಮಾನವಿಲ್ಲ. ಕಥೆ ಹೇಳುವ ಗೆಳೆಯ ಯೂನಿಯರನಾದರೋ ಕಟ್ಟುಮಸ್ತಾದ ಆಳು. ಹೆಂಗಳೆಯರನ್ನು ಗೆಲ್ಲುವುದರಲ್ಲಿ ನಿಸ್ಸೀಮ. ಆಸ್ಕರನನ್ನು ತಿದ್ದಿ ‘ಗಂಡಸ’ನ್ನಾಗಿಸಲು ಹೊರಟವನೂ ಅವನೇ, ಆಸ್ಕರನ ಅಕ್ಕ ಲೋಲಾಳ ಒಲವನ್ನು ಪಡೆದೂ ತನ್ನ ಚಾಪಲ್ಯದಿಂದ ಕಳೆದುಕೊಂಡವನೂ ಅವನೇ.

ಮುಂದೆ ಆಸ್ಕರ್ ತಾಯ್ನಾಡಿಗೆ ಹೋದಾಗ, ಪೊಲೀಸ್ ಕ್ಯಾಪ್ಟನನೊಬ್ಬನ ಪ್ರೇಯಸಿಯನ್ನು ಪ್ರೀತಿಸುತ್ತಾನೆ. ಒಮ್ಮೆ ಪೆಟ್ಟು ತಿಂದು ಅಮೆರಿಕಕ್ಕೆ ಮರಳಿದರೂ ಸುಮ್ಮನಿರಲಾರದೆ ಮತ್ತೆ ಅವಳನ್ನು ಅರಸಿ ಹೋಗುತ್ತಾನೆ. ತಾಯಿಯನ್ನು ಬಡಿದಂಥ ಕಬ್ಬಿನ ಗದ್ದೆಯಲ್ಲಿಯೇ ಅವನ ಕೊಲೆಯಾಗುತ್ತದೆ. ಅಷ್ಟರಲ್ಲಿ ಟ್ರುಹಿಯೊ ಸತ್ತು ಮೂವತ್ತು ವರ್ಷಗಳು ಮೀರಿದ್ದುವು. ಆಳುವವನು ಅಳಿದಿದ್ದ, ಅವನ ಅಳತೆಗೋಲು ಅಳಿದಿರಲಿಲ್ಲ. ಹೆಣ್ಣನ್ನು ವಶದಲ್ಲಿಟ್ಟುಕೊಂಡವನೇ ಗಂಡು ಎಂಬ ಆ ಕೋಲು ಅರಮನೆಯಿಂದ ಪೊಲೀಸ್ ಠಾಣೆಗೆ ಇಳಿದಿತ್ತು. ವಲಸೆ ಬಂದವರ ಪೆಟ್ಟಿಗೆಯಲ್ಲಿ ಕಡಲನ್ನೂ ದಾಟಿತ್ತು.

ಆ ಕೋಲಿನಿಂದ ಅಳೆದಾಗಲೆಲ್ಲ ಸೋತ ಆಸ್ಕರನೇ ಕೊನೆಯಲ್ಲಿ ಬಂದೂಕಿನ ಮುಂದೆ ತನ್ನ ಪ್ರೀತಿಯನ್ನು ಅಲ್ಲಗಳೆಯದೆ ನಿಲ್ಲುತ್ತಾನೆ. ಅಳತೆಯಲ್ಲಿ ಗೆದ್ದ ಯೂನಿಯರನಿಗೆ ಉಳಿದದ್ದು ಗೆಳೆಯನ ಕಥೆಯನ್ನು ಬರೆಯುವ ಕೆಲಸ; ಅದು ಅವನ ತಪ್ಪೊಪ್ಪಿಗೆಯೂ ಹೌದು. ಅಳುವ ಮಗನನ್ನು ಗದರಿಸುವ ಮುನ್ನ, ಕೈಯಲ್ಲಿರುವ ಕೋಲು ಯಾರದೆಂದು ತಂದೆಯಾದವನು ಒಮ್ಮೆ ನೋಡಿಕೊಳ್ಳುವುದು ಲೇಸು.