ಬಟ್ಟಲು ಬರಿದಾಗದ ಮನೆ

ಬೈಲುಕುಪ್ಪೆಯ ಟಿಬೆಟನ್ನರ ಮನೆಗೆ ಮೊದಲ ಸಲ ಹೋದ ನಮ್ಮ ಕಡೆಯವರಿಗೆ ಚಹಾ ಮುಗಿಸುವುದೇ ಕಷ್ಟ. ಬೆಣ್ಣೆ, ಉಪ್ಪು ಹಾಕಿ ಕಡೆದ ಚಹಾ. ಕೊಟ್ಟದ್ದನ್ನು ಬಿಡಬಾರದೆಂದು ಕಲಿತು ಬೆಳೆದ ನಾವು ಗಟಗಟ ಕುಡಿದು ಬಟ್ಟಲು ಕೆಳಗಿಡುತ್ತೇವೆ. ಮನೆಯಾಕೆ ಕೂಡಲೇ ತುಂಬಿಸುತ್ತಾರೆ. ಮತ್ತೆ ಕುಡಿದರೆ ಮತ್ತೆ ತುಂಬುತ್ತದೆ. ಬಂದವರ ಮುಂದೆ ಬರಿದಾದ ಬಟ್ಟಲು ಇರಬಾರದೆಂಬುದು ಅವರ ಮರ್ಯಾದೆ. ಗುಟುಕು ಗುಟುಕಾಗಿ ಕುಡಿಯುತ್ತ, ಮಾತಾಡುತ್ತ ಕೂತು, ಏಳುವ ಹೊತ್ತಿಗೆ ಮುಗಿಸಿದರಾಯಿತು. ಸಾಕೆಂದರೂ ಒಂದಿಷ್ಟು ಬಗ್ಗಿಸಿಯೇ ತೀರುತ್ತಾರೆ. ಅದು ಮಾತ್ರ ನಮಗೆ ಹೊಸದಲ್ಲ. ಹೋಳಿಗೆ ಬಡಿಸುವ ಅತ್ತೆಯಂದಿರು ಎಲೆಗೆ ಅಡ್ಡ ಹಿಡಿದ ಕೈಯನ್ನು ಯಾವತ್ತು ಲೆಕ್ಕಕ್ಕಿಟ್ಟಿದ್ದಾರೆ?

1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದರು. ಮುಂದಿನ ಒಂದೆರಡು ವರ್ಷಗಳಲ್ಲೇ ಪಿರಿಯಾಪಟ್ಟಣ ತಾಲ್ಲೂಕಿನ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ಕಾಡುಜಾಗವನ್ನು ಮೈಸೂರು ಸರ್ಕಾರ ಟಿಬೆಟನ್ ನಿರಾಶ್ರಿತರಿಗೆ ಗೇಣಿಗೆ ಕೊಟ್ಟಿತು. ಚಳಿಯ ನಾಡಿನವರು ಈ ಸೆಕೆಯಲ್ಲಿ ಕಾಡು ಕಡಿದು, ಆನೆ ಕಾದು, ಮುಸುಕಿನ ಜೋಳ ಬೆಳೆದರು. ಕಾವೇರಿಯ ಆಚೆ ದಡದ ಕುಶಾಲನಗರ ಅವರ ಪೇಟೆಯಾಯಿತು.

ಆ ಪೇಟೆಯ ಹಳೆಯ ವರ್ತಕರನ್ನು ಮಾತಾಡಿಸಿದರೆ, ಒಬ್ಬರನ್ನೊಬ್ಬರು ಅರಿಯುವುದೆಂದರೇನು ಅಂತ ತಿಳಿಯುತ್ತದೆ. ಚಳಿಗಾಲದಲ್ಲಿ ಟಿಬೆಟನ್ ಕ್ಯಾಂಪಿನವರು ಸ್ವೆಟರ್ ಮಾರಲು ಊರೂರಿಗೆ ಹೋಗುತ್ತಾರೆ. ಹಣ ಕೈಸೇರುವುದು ಆಮೇಲೆ. ಫೆಬ್ರವರಿ ಅಥವಾ ಮಾರ್ಚ್‌ನಲ್ಲಿ ಬರುವ ಲೋಸಾರ್, ಅಂದರೆ ಅವರ ಹೊಸವರ್ಷದ ಹೊತ್ತಿಗೆ ಅಂಗಡಿಯ ಬಾಕಿ ತೀರುತ್ತದೆ. ನಮ್ಮ ಯುಗಾದಿಯ ಲೆಕ್ಕ ಹಿಡಿದು ಕೂತವನಿಗೆ ಅಲ್ಲಿ ವ್ಯಾಪಾರವಿಲ್ಲ. ಸಾವಿನ ಮನೆಯ ವಿಷಯ ಇನ್ನೂ ಸೂಕ್ಷ್ಮ. ನಮ್ಮಲ್ಲಿ ಹನ್ನೊಂದೋ ಹದಿಮೂರೋ ದಿನಕ್ಕೆ ತಿಥಿ ಮುಗಿದರೆ, ಅವರಲ್ಲಿ ಸತ್ತವರಿಗಾಗಿ 49 ದಿನ ಪ್ರಾರ್ಥನೆ ನಡೆಯುತ್ತದೆ. ಬಾಕಿ ಕೇಳಲು ಹೊರಟ ಮಗನಿಗೆ ಅಂಗಡಿಯ ಯಜಮಾನರೊಬ್ಬರು ಹೇಳಿದ್ದು ಇಷ್ಟೇ: "ಈಗ ಹೋಗಬೇಡ ಕಣಪ್ಪ, ಅವರ ದಿನಗಳು ಮುಗೀಲಿ." ಮಗ ಸೈಕಲ್ ಒಳಗಿಟ್ಟ.

ಇದನ್ನು ನಾನು ದೊಡ್ಡ ವಿದ್ಯೆ ಎನ್ನುತ್ತೇನೆ. ಎಲ್ಲರೂ ಒಂದೇ ಎಂಬ ಮಾತು ಕೇಳಲು ಚೆನ್ನ. ಆದರೆ ಎದುರಿನವರ ಬಗ್ಗೆ ಏನನ್ನೂ ತಿಳಿಯದೆ ಇರುವುದಕ್ಕೂ ಅದು ಅನುಕೂಲವಾಗಿಬಿಡುತ್ತದೆ. ಆ ಯಜಮಾನರು ಎಲ್ಲರೂ ಒಂದೇ ಅಂದುಕೊಂಡಿದ್ದರೆ, ಹದಿನಾಲ್ಕನೇ ದಿನ ಮಗನನ್ನು ಕಳಿಸುತ್ತಿದ್ದರು.

ಅರಿವು ಆ ಕಡೆಯಿಂದಲೂ ಬರಬೇಕು, ಬಂದಿದೆ ಕೂಡ. ಟಿಬೆಟನ್ನರು ಗೌರವಕ್ಕೆ ಕೊಡುವುದು ಖತಾ ಎಂಬ ಬಿಳಿ ಶಾಲು. ಮದುವೆಗೂ ಅದೇ, ಸಾವಿಗೂ ಅದೇ. ನಮ್ಮ ಅಜ್ಜಿಯಂದಿರಿಗೋ ಮದುಮಗನ ಕೊರಳಿಗೆ ಬರಿ ಬಿಳಿ ಬಟ್ಟೆ ಬಿದ್ದರೆ ಎದೆ ಝಲ್ಲೆನ್ನುತ್ತದೆ. ಹಾಗಾಗಿ ನಮ್ಮ ಮದುವೆಗೆ ಬಂದ ಹಿರಿಯ ಟಿಬೆಟನ್ ದಂಪತಿ ಹುಡುಗನ ತಂದೆಯನ್ನು ಪಕ್ಕಕ್ಕೆ ಕರೆದು, "ಇದು ಹಾಕಬಹುದಾ ಅಣ್ಣ?" ಅಂತ ಕನ್ನಡದಲ್ಲೇ ಕೇಳಿದ್ದನ್ನು ಕಂಡಿದ್ದೇನೆ. ತಂದೆ ಅಜ್ಜಿಗೆ ತಿಳಿಹೇಳಿದರು. ಅಜ್ಜಿ, "ಆಶೀರ್ವಾದ ತಾನೆ, ಹಾಕಲಿ" ಅಂದರು.

ಈಗ ನನಗೆ ಬೇಸರವಾಗುವುದು ಬೈಲುಕುಪ್ಪೆಯ ನಮ್ಡ್ರೋಲಿಂಗ್ ಮಠದಲ್ಲಿ. ವಾರಾಂತ್ಯಕ್ಕೆ ಬರುವ ನಮ್ಮವರೇ ಪ್ರಾರ್ಥನೆಗೆ ಕೂತ ಎಳೆಯ ಭಿಕ್ಷುಗಳ ಮುಖಕ್ಕೆ ಮೊಬೈಲ್ ಹಿಡಿಯುತ್ತಾರೆ. ನಮ್ಮ ದೇವಸ್ಥಾನದಲ್ಲಿ ಮಂಗಳಾರತಿಯ ಹೊತ್ತಿಗೆ ಯಾರಾದರೂ ಅರ್ಚಕರ ಮೂಗಿನ ಬಳಿ ಹೀಗೆ ನಿಂತರೆ ಸುಮ್ಮನಿರುತ್ತೇವೆಯೇ? ಫೋಟೊ ಬೇಕಿದ್ದರೆ ಬಾಗಿಲ ಬಳಿ ನಿಂತ ಭಿಕ್ಷುವನ್ನು ಒಂದು ಮಾತು ಕೇಳಿ. ಉತ್ತರ ಕನ್ನಡದಲ್ಲೇ ಸಿಕ್ಕರೂ ಸಿಕ್ಕೀತು.